ನುಂಗದ ಸ್ವರ

ನಮ್ಮ ಮನೆಯ ಒಂದು ಕಥೆಯನ್ನು ಹೇಳುವ ಅಧಿಕಾರ ಅವ್ವನದು. ಹೊಸಬರು ಯಾರಾದರೂ ಬಂದು ಚಹಾ ಕುಡಿಯುತ್ತ, ಗೋಡೆಯ ಮೇಲೆ ತಬಲಾ ಮುಂದಿಟ್ಟುಕೊಂಡು ಕುಳಿತ ನಂದಕ್ಕನ ಫೋಟೋ ನೋಡಿದರೆ ಸಾಕು, ಕಥೆ ಹೊರಡುತ್ತದೆ. ಅವ್ವ ಮೊದಲು ಸೆರಗು ಸರಿಮಾಡಿಕೊಳ್ಳುತ್ತಾಳೆ. ಆಮೇಲೆ ತನ್ನ ಕಪ್ಪುಬಸಿಯನ್ನು ಪಕ್ಕಕ್ಕೆ ಸರಿಸುತ್ತಾಳೆ. ಆ ಬಸಿ ಸರಿದ ಸದ್ದು ಕೇಳಿದರೆ, ನಾನು ಅಡಿಗೆಮನೆಯಲ್ಲಿದ್ದರೂ ನನ್ನ ವಿಚಾರಣೆ ಶುರುವಾಯಿತೆಂದು ಗೊತ್ತಾಗುತ್ತದೆ.

"ಹದಿನಾರು ವರ್ಷದ ಒಳಗಿನವರ ಸ್ಪರ್ಧಾರೀ. ಮೊದಲನೇ ನಂಬರ ನಮ್ಮ ನಂದಾಂದ ಅಂತ ಎಲ್ಲಾರೂ ಅಂದಿದ್ರು. ಕಡೀಕ ಈಕಿ, ನಮ್ಮ ಸಣ್ಣಾಕಿ, ಪೇಟಿ ಮ್ಯಾಲೆ ಲೆಹರಾ ತಪ್ಪಿಸಿಬಿಟ್ಲು. ಒಂದ ಒಂದು ಸ್ವರ ನೋಡ್ರಿ! ಒಂದು ಸ್ವರದಾಗ ಎಲ್ಲಾ ಹೋತು."

ಬಂದವರು ನನ್ನ ಕಡೆ ತಿರುಗುತ್ತಾರೆ. ಅಪ್ಪ ಪೇಪರಿನ ಹಿಂದಿನಿಂದ ನನ್ನ ಪರವಾಗಿ ಒಂದು ಮಾತು ಸೇರಿಸುತ್ತಾರೆ.

"ಪಾಪ, ಸಣ್ಣದಿತ್ತು. ಗಾಬರಿ ಆತು ಅದಕ್ಕ."

ಕೆಳಗಿನ ಮಹಡಿಯ ಶಾಲಿನೀ ಕಾಕು ಅಲ್ಲಿದ್ದರೆ ಮರಾಠಿಯಲ್ಲಿ "ದೃಷ್ಟ ಲಾಗಲೀ" ಎಂದು ನಿಟ್ಟುಸಿರು ಬಿಡುತ್ತಾರೆ. ಅವರ ಪ್ರಕಾರ ಯಾರದೋ ಕಣ್ಣು ತಾಗಿತು. ಹೀಗೆ ಅವ್ವ ನನ್ನನ್ನು ಅಪರಾಧಿ ಮಾಡುತ್ತಾಳೆ, ಅಪ್ಪ ಕ್ಷಮೆ ಕೊಡಿಸುತ್ತಾರೆ, ಕಾಕು ಗ್ರಹಚಾರದ ಮೇಲೆ ಹಾಕುತ್ತಾರೆ. ತಪ್ಪಿದ್ದು ಲೆಹರಾ ಎಂಬುದರಲ್ಲಿ ಮಾತ್ರ ಮೂವರಿಗೂ ಅನುಮಾನವಿಲ್ಲ. ನಾನು ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆ ಸವೆಸಿದವಳು. ಮೂರು ಜನ ಒಂದೇ ಮಾತು ಹೇಳಿದ ಮಾತ್ರಕ್ಕೆ ಮೂರು ಸಾಕ್ಷಿ ಸಿಕ್ಕಿತೆಂದು ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ಒಬ್ಬರು ಹೇಳಿದ್ದನ್ನೇ ಉಳಿದಿಬ್ಬರು ಹೇಳುತ್ತಿರಬಹುದಲ್ಲ? ನನ್ನ ವಾದ ಇಷ್ಟೇ. ಆ ದಿನ ಲೆಹರಾ ತಪ್ಪಲಿಲ್ಲ. ಆ ವೇದಿಕೆಯ ಮೇಲೆ ಆ ಗಳಿಗೆಯಲ್ಲಿ ತಪ್ಪದೆ ಉಳಿದದ್ದು ಲೆಹರಾ ಒಂದೇ. ರುಜುವಾತು ಮಾಡುವ ಹೊಣೆ ನನ್ನದು, ಒಪ್ಪಿದೆ. ಆದರೆ ಅದಕ್ಕೆ ನೀವು ಮೊದಲು ನಮ್ಮ ಮನೆಯೊಳಗೆ ಬರಬೇಕು.

ಸದಾಶಿವ ಪೇಠದಲ್ಲಿ ಎರಡನೆಯ ಮಹಡಿಯ ಮೇಲೆ ನಮ್ಮವು ಎರಡು ಕೋಣೆ, ಒಂದು ಅಡಿಗೆಮನೆ. ನೆಲಮಾಳಿಗೆಯಲ್ಲಿ ಗಣಿತದ ಕ್ಲಾಸು; ಸಂಜೆಯಾದರೆ ಅಲ್ಲಿಗೆ ಬರುವ ಹುಡುಗರ ಸ್ಕೂಟರುಗಳು ಗೇಟಿಗೆ ಅಡ್ಡ ನಿಂತು, ಮನೆಗೆ ಬರುವವರು ಓರೆಯಾಗಿ ನುಸುಳಬೇಕು. ಹೊರಗಿನ ಕೋಣೆಯಲ್ಲಿ ಅಪ್ಪನ ಮಂಚ, ಬಟ್ಟೆ ಹೊದಿಸಿದ ಟಿವಿ. ಒಳಗಿನ ಕೋಣೆ ತಬಲಾದ್ದು. ಅಕ್ಕ, ನಾನು ಇಬ್ಬರೂ ಅಲ್ಲೇ ಮಲಗುತ್ತಿದ್ದೆವು ನಿಜ, ಆದರೆ ಕೋಣೆ ಯಾರದೆಂದು ಕೇಳಿದರೆ ತಬಲಾದ್ದು ಎಂದೇ ಹೇಳಬೇಕು. ಹಳೆಯ ಸೀರೆಗಳನ್ನು ಒತ್ತೊತ್ತಾಗಿ ಹೊಲಿದು ಅವ್ವ ಅದಕ್ಕೊಂದು ಪುಟ್ಟ ಕೌದಿ ಮಾಡಿದ್ದಳು. ಮಳೆಗಾಲದಲ್ಲಿ ಚರ್ಮ ಸಡಿಲಾಗಬಾರದೆಂದು ತಬಲಾದ ಕಪಾಟಿನೊಳಗೆ ಹಗಲೂ ಇರುಳೂ ಒಂದು ಬಲ್ಬು ಉರಿಯುತ್ತಿತ್ತು. ನಾನು ಹಾಸಿಗೆಯಲ್ಲಿ ಪುಸ್ತಕ ಹಿಡಿದು ದೀಪ ಹಾಕಿದರೆ ಮಾತ್ರ "ಕರೆಂಟ ಏನು ಪುಗಸಟ್ಟೆ ಬರ್ತದೇನು?" ಎಂಬ ಕೂಗು. ಆಗ ಕಪಾಟಿನ ಬಾಗಿಲನ್ನು ಬೆರಳಷ್ಟು ಸರಿಸಿ, ತಬಲಾಕ್ಕೆ ಹಾಕಿದ ಬೆಳಕಿನಲ್ಲಿ ನಾನು ಓದುತ್ತಿದ್ದೆ. ನನ್ನ ಕನ್ನಡಕದ ಮೂಲ ಅಲ್ಲಿದೆ.

ಅಡಿಗೆಮನೆಯೂ ತಬಲಾದ ಅಂಕೆಯಲ್ಲೇ ಇತ್ತು. ಅಕ್ಕ ರಿಯಾಜಿಗೆ ಕುಳಿತರೆ ಮಿಕ್ಸರ್ ಹಾಕುವಂತಿಲ್ಲ. ಕುಕ್ಕರಿನ ಸೀಟಿ ಬರುವ ಮೊದಲೇ ಅವ್ವ ಗ್ಯಾಸು ಸಣ್ಣ ಮಾಡುತ್ತಿದ್ದಳು. ಹಾಗಾಗಿ ನಮ್ಮ ಮನೆಯ ತೊಗರಿಬೇಳೆ ಯಾವತ್ತೂ ಹಲ್ಲಿಗೆ ಸಿಗುತ್ತಿತ್ತು. ರೊಟ್ಟಿ ಬಡಿಯುವುದಕ್ಕೆ ಮಾತ್ರ ಪರವಾನಗಿ ಇತ್ತು, ಯಾಕೆಂದರೆ ಅವ್ವ ಅಕ್ಕನ ತಾಳಕ್ಕೆ ಸರಿಯಾಗಿ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಓಡಿದರೆ ಅವ್ವನ ಅಂಗೈಯೂ ಓಡುತ್ತಿತ್ತು, ಅಕ್ಕ ನಿಧಾನಿಸಿದರೆ ರೊಟ್ಟಿಯೂ ನಿಧಾನಿಸುತ್ತಿತ್ತು. ಊಟಕ್ಕೆ ಕುಳಿತಾಗ ರೊಟ್ಟಿಯ ದಪ್ಪ ನೋಡಿ ಅಕ್ಕ ಅಂದು ಏನು ಬಾರಿಸಿದಳೆಂದು ಹೇಳಬಹುದಿತ್ತು. ಅಪ್ಪ ಹಡಪಸರದ ಕಡೆ ಒಂದು ಪಂಪಿನ ಕಾರಖಾನೆಯಲ್ಲಿ ತಪಾಸಣೆಯ ವಿಭಾಗದಲ್ಲಿದ್ದರು. ಇಡೀ ದಿನ ಅವರ ಕೆಲಸ, ಪಂಪಿನ ಶಾಫ್ಟುಗಳನ್ನು ಗೇಜಿನ, ಅಂದರೆ ಅಳತೆಯ ಅಚ್ಚಿನ, ತೂತಿನಲ್ಲಿ ತೂರಿಸಿ ಅಳೆಯುವುದು. ಸಂಜೆ ಧೂಳು ತುಂಬಿದ ಕಿವಿ ತೊಳೆದುಕೊಂಡು ತಾಟಿನ ಮುಂದೆ ಕುಳಿತು, ಅಂದು ಯಾವ ಯಾವ ಶಾಫ್ಟುಗಳನ್ನು ವಾಪಸು ಕಳಿಸಿದೆ ಎಂದು, ಬೇರೆಯವರು ದೇವರ ದರ್ಶನವಾದದ್ದನ್ನು ಹೇಳುವ ಹಾಗೆ ಹೇಳುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಅಪ್ಪನ ಮೇಲೆ ನನಗಿರುವ ತಕರಾರು ಇಲ್ಲಿಂದಲೇ ಶುರು.

ನನ್ನ ಪಾತ್ರ ಏನೆಂದು ಯಾರೂ ನನ್ನನ್ನು ಕೇಳಲಿಲ್ಲ. ಅವ್ವನ ಭಜನಾ ಮಂಡಳಿಯ ಹಳೆಯ ಪೇಟಿ ಮನೆಯಲ್ಲಿತ್ತು. ಪೇಟಿ ಅಂದರೆ ಹಾರ್ಮೋನಿಯಂ. ಒಂದು ಮಧ್ಯಾಹ್ನ ಅವ್ವ ನನಗೆ ಅದರ ಮೇಲೆ ಹದಿನಾರು ಮಾತ್ರೆಯ ಒಂದು ಸಾಲು ಕಲಿಸಿದಳು. ನನ್ನ ಸಂಗೀತ ಶಿಕ್ಷಣ ಅಲ್ಲಿಗೆ ಮುಗಿಯಿತು. ಇನ್ನೊಂದು ಏನಾದರೂ ಕಲಿಸು ಎಂದರೆ "ಮೊದಲ ಇದು ಗಟ್ಟಿ ಆಗಲಿ" ಎನ್ನುತ್ತಿದ್ದಳು. ಕೆಲವು ವರ್ಷ ಅದೇ ಸಾಲು ಗಟ್ಟಿಯಾಗುತ್ತಲೇ ಇತ್ತು. ಬಲಗೈ ಸ್ವರದ ಮನೆಗಳ ಮೇಲೆ, ಎಡಗೈ ತಿದಿ ಒತ್ತಲು. ಎರಡೂ ಕೈ ಸೆರೆಯಾದ ಮೇಲೆ ಉಳಿಯುವುದು ತಲೆ ಒಂದು. ನಾನು ಇತಿಹಾಸದ ಪುಸ್ತಕವನ್ನು ಪೇಟಿಯ ಮೇಲೆ ಆನಿಸಿಟ್ಟು ಓದುತ್ತ ಬಾರಿಸುತ್ತಿದ್ದೆ; ಪುಟ ತಿರುವಲು ಎಡಗೈಯಿಂದ ತಿದಿಗೆ ಒಂದು ಜೋರು ಒತ್ತು ಕೊಟ್ಟು, ಆ ಗಾಳಿ ಮುಗಿಯುವಷ್ಟರಲ್ಲಿ ಪುಟ ಮಗುಚಿ ಮರಳುತ್ತಿದ್ದೆ. ಗದಗಿನಿಂದ ಬಂದ ಅತ್ತೆ ಒಮ್ಮೆ ಕೇಳಿದರು.

"ಉಮಾ ಏನ ಬಾರಸ್ತಾಳ?"

"ಆಕಿ ಏನೂ ಬಾರಸೂದಿಲ್ರಿ," ಎಂದಳು ಅವ್ವ. "ನಂದಾಗ ಲೆಹರಾ ಹಿಡೀತಾಳ."

ಲೆಹರಾ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ತಬಲಾ ಒಂಟಿಯಾಗಿ ಬಾರಿಸುವಾಗ ಪಕ್ಕದಲ್ಲಿ ಒಬ್ಬರು ಪೇಟಿಯ ಮೇಲೆ ಒಂದೇ ಸಾಲನ್ನು ಸುತ್ತಿ ಸುತ್ತಿ ಬಾರಿಸುತ್ತಿರುತ್ತಾರೆ. ಅದೇ ಲೆಹರಾ. ತಬಲಾದವರು ಎಲ್ಲಿ ಬೇಕಾದರೂ ಅಲೆಯಲಿ, ಎಷ್ಟು ಬೇಕಾದರೂ ಕಸರತ್ತು ಮಾಡಲಿ, ಕೊನೆಗೆ ಆ ಸಾಲಿನ ಮೊದಲ ಸ್ವರಕ್ಕೆ ಸರಿಯಾಗಿ ಬಂದು ಇಳಿಯಬೇಕು. ಆ ಜಾಗಕ್ಕೆ ಸಮ್ ಎನ್ನುತ್ತಾರೆ. ಕೇಳುವವರು ಚಪ್ಪಾಳೆ ತಟ್ಟುವುದೂ ಅಲ್ಲೇ. ಅಂದರೆ ಲೆಹರಾ ಗೋಡೆಯ ಮೇಲಿನ ಗಡಿಯಾರವಿದ್ದಂತೆ. ಬಸ್ಸು ತಡವಾದರೆ ಗಡಿಯಾರವನ್ನು ಹಿಂದೆ ತಿರುಗಿಸುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ತಿರುಗಿಸುತ್ತಿದ್ದರು, ಮತ್ತು ಆ ತಪ್ಪು ಎಲ್ಲಿಂದ ಬಂತೆಂದು ನಾನು ಬಹಳ ಯೋಚಿಸಿದ್ದೇನೆ. ಅದು ಭಜನಾ ಮಂಡಳಿಯಿಂದ ಬಂತು. ಶನಿವಾರ ಸಂಜೆ ಅವ್ವ ಪೇಟಿ ಹಿಡಿದು ಕುಳಿತರೆ, ಹಾಡುವ ಅಜ್ಜಿಯರು ಸಾಲು ಮರೆಯುತ್ತಿದ್ದರು, ಎಳೆಯುತ್ತಿದ್ದರು, ಕೆಮ್ಮು ಬಂದರೆ ಅರ್ಧ ಚರಣವನ್ನೇ ಹಾರಿಸುತ್ತಿದ್ದರು. ಅವ್ವನ ಪೇಟಿ ಅವರ ಹಿಂದೆ ಹಿಂದೆಯೇ ಹೋಗಿ, ಅವರು ಇಳಿದ ಜಾಗವೇ ಸರಿಯಾದ ಜಾಗ ಎಂಬಂತೆ ಮಾಡುತ್ತಿತ್ತು. ಅದೊಂದು ದೊಡ್ಡ ವಿದ್ಯೆ, ನಾನು ಅಣಕಿಸುತ್ತಿಲ್ಲ. "ನೀವು ಪೇಟಿ ಹಿಡದ್ರ ನಮ್ಮ ತಪ್ಪು ದೇವರಿಗೂ ಕೇಳಸೂದಿಲ್ಲ ನೋಡ್ರಿ" ಎಂದು ಅಜ್ಜಿಯರು ಅವ್ವನ ಕೈ ಹಿಡಿದು ಹೇಳುತ್ತಿದ್ದರು. ದೇವರ ಮುಂದೆ ನಡೆದದ್ದು ಪರೀಕ್ಷಕರ ಮುಂದೆಯೂ ನಡೆಯುತ್ತದೆ ಎಂದು ಅವ್ವ ನಂಬಿದಳು.

ಅಕ್ಕನ ಕೈ ಅಪರೂಪದ್ದು. ಇದನ್ನು ಅವಳ ವಿರುದ್ಧ ವಾದಿಸಲು ಕುಳಿತ ನಾನೇ ಹೇಳುತ್ತಿದ್ದೇನೆ. ಅವಳ ಬೆರಳು ತಬಲಾದ ಅಂಚಿಗೆ ತಾಗಿದರೆ ಬರುವ ನಾದಕ್ಕೆ ನಾನು ಓದುತ್ತಿದ್ದ ಸಾಲು ಎಷ್ಟೋ ಸಲ ಮರೆತುಹೋಗಿದೆ. ಆದರೆ ಅವಳ ಕೈಗಿದ್ದ ವೇಗ ಅವಳ ತಾಳ್ಮೆಗಿರಲಿಲ್ಲ. ತಬಲಾದಲ್ಲಿ ಚಕ್ರದಾರ ಎಂದು ಒಂದಿದೆ: ಉದ್ದನೆಯ ಒಂದು ತುಣುಕನ್ನು ಮೂರು ಸಲ ಬಾರಿಸಿ, ಮೂರನೆಯದರ ಕೊನೆಯ ಪೆಟ್ಟಾದ 'ಧಾ' ನೇರವಾಗಿ ಸಮ್ ಮೇಲೆ ಬೀಳಿಸಬೇಕು. ಒಂದರ ಮತ್ತು ಇನ್ನೊಂದರ ನಡುವೆ ಉಸಿರೆಳೆಯುವಷ್ಟು ಬಿಡುವು, ಅದು ದಮ್. ಅಕ್ಕ ಆ ದಮ್ಮನ್ನು ತಿನ್ನುತ್ತಿದ್ದಳು. ಎರಡೂ ಕಡೆ ಅರ್ಧರ್ಧ ತಿಂದು, ಕೊನೆಗೆ ಸಮ್‌ಗೆ ಒಂದು ಮಾತ್ರೆ ಮೊದಲೇ ಬಂದು ಇಳಿಯುತ್ತಿದ್ದಳು. ಅವಳ ತಬಲಾ ಸರ್ ಕ್ಲಾಸಿನಲ್ಲಿ "ದಮ್ ಸಾಂಭಾಳ, ನಂದಾ" ಎಂದು ಪ್ರತಿಸಲ ಎಚ್ಚರಿಸುತ್ತಿದ್ದರು. ಅವರು ಎಲ್ಲರಿಗೂ ಏನಾದರೊಂದು ಹೇಳುವವರೇ ಆದ್ದರಿಂದ ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮನೆಯಲ್ಲಂತೂ ಅದು ಗೊತ್ತಾಗುವಂತೆಯೇ ಇರಲಿಲ್ಲ. ಅವಳು ಮೂರನೆಯ ಸುತ್ತಿಗೆ ಬಂದಾಗ ಅಡಿಗೆಮನೆಯಿಂದ, ರೊಟ್ಟಿ ಬಡಿಯುತ್ತಲೇ, ಅವ್ವನ ಕೂಗು ಬರುತ್ತಿತ್ತು.

"ಉಮ್ಮೀ, ನುಂಗು!"

ನಾನು ಲೆಹರಾದ ಕೊನೆಯ ಸ್ವರವನ್ನು ನುಂಗಿಬಿಡುತ್ತಿದ್ದೆ. ಹದಿನಾರರ ಬದಲು ಹದಿನೈದಕ್ಕೇ ತಿರುಗಿ ಮೊದಲ ಸ್ವರಕ್ಕೆ ಬಂದರೆ, ಅಕ್ಕನ ಧಾ, ನನ್ನ ಸಾ ಕೂಡಿಕೊಂಡು ಬೀಳುತ್ತಿದ್ದವು. ಧಡ್! ಮನೆಯೆಲ್ಲ ಖುಷಿ. ಅಕ್ಕ ಬೆವರು ಒರೆಸಿಕೊಂಡು ನಗುತ್ತಿದ್ದಳು. ಅವಳು ಸರಿಯಾಗಿ ಬಂದಳೆಂದು ಅವಳಿಗೂ ಅನ್ನಿಸುತ್ತಿತ್ತು. ಯಾಕೆ ಅನ್ನಿಸಬಾರದು? ಕಿವಿಗೆ ಬಿದ್ದದ್ದು ಅದೇ ತಾನೆ. ಅವಳು ತಿಂದದ್ದನ್ನೆಲ್ಲ ನಾನು ನುಂಗುತ್ತ ಬಂದೆ, ಅವಳು ಇನ್ನಷ್ಟು ಧೈರ್ಯದಿಂದ ತಿನ್ನುತ್ತ ಹೋದಳು.

ಸ್ಪರ್ಧೆಯ ಮೊದಲ ಸುತ್ತು ಒಂದು ಶಾಲೆಯ ಸಭಾಗೃಹದಲ್ಲಿತ್ತು. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತಿ ಜಮಖಾನೆ ಹಾಸಿದ್ದರು. ಕಾರಿಡಾರಿನ ತುಂಬ ಮಕ್ಕಳು; ಒಬ್ಬ ಸಿತಾರಿನ ಕಿವಿ ಹಿಂಡುತ್ತಿದ್ದ, ಒಬ್ಬಳು ಬಾನ್ಸುರಿಯನ್ನು ತುಟಿಗಿಟ್ಟು ಊದದೆ ಸುಮ್ಮನೆ ಬೆರಳಾಡಿಸುತ್ತಿದ್ದಳು, ತಾಯಂದಿರು ಡಬ್ಬಿಯಿಂದ ಪೋಹೆ ತಿನ್ನಿಸುತ್ತ ಬೇರೆಯವರ ಮಕ್ಕಳ ಸ್ವರದ ಮೇಲೆ ಕಿವಿ ಇಟ್ಟಿದ್ದರು. ಅಕ್ಕನಿಗೆ ವಯಸ್ಸಿನ ಲೆಕ್ಕದಲ್ಲಿ ಅದು ಕೊನೆಯ ವರ್ಷ. ಫೈನಲಿನಲ್ಲಿ ಮೊದಲನೆಯ ಸ್ಥಾನ ಪಡೆದವರಿಗೆ ಆ ಚಳಿಗಾಲದ ಸಂಗೀತೋತ್ಸವದ ಬೆಳಗಿನ ಸಭೆಯಲ್ಲಿ ಅರ್ಧ ಗಂಟೆ ಒಂಟಿಯಾಗಿ ಬಾರಿಸುವ ಅವಕಾಶ. ದೊಡ್ಡವರೆಲ್ಲ ಬಂದು ಕೂಡುವ ವೇದಿಕೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಅದೊಂದೇ. ಅವ್ವ ತನ್ನ ಇಳಕಲ್ ಸೀರೆಯ ಸೆರಗಿನಿಂದ ಅಕ್ಕನಿಗೆ ಕುರ್ತಾ ಹೊಲಿಸಲು ದರ್ಜಿಯ ಹತ್ತಿರ ಮಾತಾಡಿಟ್ಟಾಗಿತ್ತು. ಮೊದಲ ಸುತ್ತಿನಲ್ಲಿ ಅಕ್ಕ ಚಕ್ರದಾರ ಬಾರಿಸಿದಳು, ದಮ್ ತಿಂದಳು, ನಾನು ಸ್ವರ ನುಂಗಿದೆ, ಧಡ್ ಎಂದು ಕೂಡಿ ಬಿತ್ತು. ಪರೀಕ್ಷಕರೊಬ್ಬರು ತಲೆದೂಗಿ, "ವಾ! ಕಾಯ ಅಚೂಕ ಸಮ್!" ಎಂದರು. ಎಂಥ ಕರಾರುವಾಕ್ಕಾದ ಸಮ್ ಎಂದು! ಆ ಕರಾರುವಾಕ್ಕಿನ ಒಂದು ತುಂಡು ನನ್ನ ಹೊಟ್ಟೆಯಲ್ಲಿತ್ತು. ಮನೆಗೆ ಬರುವಾಗ ರಿಕ್ಷಾದಲ್ಲಿ ಅವ್ವ ಆ ಮಾತನ್ನು ಹತ್ತು ಸಲ ಹೇಳಿದಳು. ನಾನು ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಇಂದು ಫೈನಲಿಗೆ ಆಯ್ಕೆಯಾದದ್ದು ಯಾರ ಕೆಲಸ ಎಂದು ಯೋಚಿಸುತ್ತಿದ್ದೆ. ಅಕ್ಕನದಲ್ಲ. ನನ್ನದೂ ಅಲ್ಲ. ನಾವಿಬ್ಬರೂ ಕೂಡಿ ಮಾಡಿದ ಒಂದು ಸುಳ್ಳಿನದು.

ಫೈನಲಿಗೆ ಒಂದು ವಾರವಿತ್ತು. ಊಟಕ್ಕೆ ಕುಳಿತಿದ್ದೆವು, ರೊಟ್ಟಿ, ಝುಣಕಾ, ಹಸಿ ಉಳ್ಳಾಗಡ್ಡಿ. ಅಪ್ಪ ಅಂದು ಇಡೀ ಒಂದು ಲಾಟ್ ಶಾಫ್ಟುಗಳನ್ನು ವಾಪಸು ಕಳಿಸಿದ್ದನ್ನು ಹೇಳುತ್ತಿದ್ದರು. ನಾನು ಕೇಳಿದೆ.

"ಅಪ್ಪಾ, ಗೇಜಿನ್ಯಾಗ ಶಾಫ್ಟ ಹೋಗಲಿಲ್ಲ ಅಂದ್ರ ಏನ ಮಾಡ್ತೀರಿ?"

"ವಾಪಸ್. ಮತ್ತೇನು ಮಾಡೂದು?"

"ಗೇಜಿನ ತೂತ ಸ್ವಲ್ಪ ಉಜ್ಜಿ ದೊಡ್ಡದು ಮಾಡಿದ್ರ? ಹೋಗ್ತದಲ್ಲ?"

ಅಪ್ಪ ನಕ್ಕರು. "ಹುಚ್ಚೀ. ಗೇಜ ಉಜ್ಜಿದ್ರ ಆಮ್ಯಾಲೆ ಯಾವುದು ಸರಿ, ಯಾವುದು ತಪ್ಪು ಹೆಂಗ ತಿಳೀತದ?"

"ಹಂಗಾದ್ರ ನಮ್ಮನ್ಯಾಗ ದಿನಾ ಗೇಜ ಉಜ್ಜಲಿಕ್ಕತ್ತೇವಿ," ಎಂದೆ ನಾನು. "ಅಕ್ಕ ಚಕ್ರದಾರದಾಗ ದಮ್ ತಿಂತಾಳ. ನಾ ಲೆಹರಾ ನುಂಗಿ ಆಕಿನ್ನ ಸಮ್‌ಗೆ ತರ್ತೇನಿ. ಅವ್ವ ಹೇಳ್ತಾಳ, ನಾ ನುಂಗ್ತೇನಿ."

ಅಕ್ಕನ ಕೈಯಲ್ಲಿ ತುತ್ತು ನಿಂತಿತು.

"ನಾ ಎಂದ ದಮ್ ತಿಂದೇನೇ? ನೀ ಪುಸ್ತಕ ಓದಕೋತ ಲೆಹರಾ ಎಳೀತಿ. ತಪ್ಪು ನನ್ನ ಮ್ಯಾಲೆ ಹಾಕ್ತೀಯೇನು?"

"ಎಳಿಯೂದಿಲ್ಲ. ಬೇಕಾದ್ರ ಕೈಲೆ ತಾಳ ಹಾಕಿ ನೋಡು. ಫೈನಲಿನ್ಯಾಗ ನಾ ನುಂಗೂದಿಲ್ಲ. ಈಗ ಹೇಳೇನಿ. ವಾರ ಅದ, ತಿದ್ದಕೋ."

"ನುಂಗಬ್ಯಾಡ! ನಿನ್ನ ಯಾರು ಕೇಳ್ಯಾರ?"

ಅವ್ವ ಅಕ್ಕನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ ನಕ್ಕಳು. "ಬಿಡ ನಂದಾ. ಈಕಿದು ಬಾಯಷ್ಟ. ಹೊತ್ತು ಬಂದ್ರ ಕೈ ತಾನ ನುಂಗ್ತದ. ನನ್ನ ಮಗಳಲ್ಲೇನು ಆಕಿ?"

ನಾನು ಅಪ್ಪನ ಮುಖ ನೋಡಿದೆ. ಗೇಜಿನ ಮಾತು ಅವರಿಗೆ ತಾಗಿತ್ತು, ಅದು ಅವರ ಕಣ್ಣಿನಲ್ಲಿ ಕಂಡಿತು. ಅವರು ನೀರು ಕುಡಿದರು. ಚಂಬು ಕೆಳಗಿಟ್ಟರು.

"ಸ್ವಲ್ಪ ಹೊಂದಿಸ್ಕೊಂಡು ಹೋಗ್ರೆವಾ. ಇದೇನು ಫ್ಯಾಕ್ಟರಿ ಅಲ್ಲ, ಮನಿ."

ಮನೆಯಲ್ಲಿ ಅಳೆಯಬಾರದು ಎಂಬ ನಿಯಮ ನನಗೆ ಆ ದಿನ ಮೊದಲ ಸಲ ತಿಳಿಯಿತು. ಅದನ್ನು ನಾನು ಇಂದಿಗೂ ಒಪ್ಪಿಲ್ಲ. ಮರುದಿನದಿಂದ ನಾನು ನುಂಗುವುದನ್ನು ಬಿಟ್ಟೆ. ಚಕ್ರದಾರ ಬಂದಾಗಲೆಲ್ಲ ಅಕ್ಕನ ಧಾ ಮೊದಲು, ನನ್ನ ಸಾ ಆಮೇಲೆ. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದಳು. ಅಕ್ಕ ನನ್ನ ಪುಸ್ತಕವನ್ನು ಕಿತ್ತು ಮಂಚದ ಕೆಳಗೆ ಎಸೆದಳು. ಸರಿ, ನಾನು ಪುಸ್ತಕವಿಲ್ಲದೆಯೇ ಕುಳಿತೆ, ಕಾಲ ಬೆರಳಿನಲ್ಲಿ ಎಣಿಸುತ್ತ. ಧಾ ಮೊದಲೇ ಬಿತ್ತು. "ಆ ಒಂದು ಜಾಗಾ ಸಾವಕಾಶ ಬಾರಸೋಣ ಬಾ, ಅಕ್ಕಾ. ಒಂದು ಸಲ," ಎಂದೆ. "ನನಗ ಕಲಸಲಿಕ್ಕೆ ಬರಬ್ಯಾಡ," ಎಂದಳು. ಕೊನೆಯ ಎರಡು ದಿನ ಅವಳು ನನ್ನ ಜೊತೆ ಚಕ್ರದಾರವನ್ನೇ ಬಾರಿಸಲಿಲ್ಲ. ಅದಕ್ಕೆ ಮೊದಲಿನದನ್ನೆಲ್ಲ ಬಾರಿಸಿ, ಅಲ್ಲಿ ಬಂದು ಕೈ ಎತ್ತಿಬಿಡುತ್ತಿದ್ದಳು. "ಅದು ಬರ್ತದ, ಬಿಡು." ಅವ್ವ ಹೇಳುವ ಕಥೆಯಲ್ಲಿ ಈ ವಾರ ಇಲ್ಲ. ಝುಣಕಾ ಇಲ್ಲ, ಗೇಜು ಇಲ್ಲ, "ನುಂಗಬ್ಯಾಡ" ಎಂಬ ಅಕ್ಕನ ಮಾತೂ ಇಲ್ಲ. ಅವ್ವನ ಕಥೆ ನೇರವಾಗಿ ವೇದಿಕೆಯ ಮೇಲೆ ಶುರುವಾಗುತ್ತದೆ. ಇನ್ನೊಂದು ಮಾತು: ನನ್ನ ಮೇಲೆ ಭರವಸೆ ಇಲ್ಲದಿದ್ದರೆ ಅವ್ವನೇ ಪೇಟಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅಂದರೆ ನಾನು ಹೇಳಿದ್ದನ್ನು ಅವಳು ಬೆದರಿಕೆಯೆಂದೂ ಎಣಿಸಲಿಲ್ಲ, ಮಾತೆಂದೂ ಎಣಿಸಲಿಲ್ಲ.

ಫೈನಲಿನ ದಿನ ಸಭಾಗೃಹ ತುಂಬಿತ್ತು. ಅವ್ವ, ಅಪ್ಪ, ಕಾಕು ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ನಮ್ಮ ಹೆಸರು ಕರೆದರು. ಅಂದರೆ ಅಕ್ಕನ ಹೆಸರು ಕರೆದರು. ನಾನು ಪೇಟಿಯ ಜೊತೆ ಹೋದೆ. ಅಕ್ಕ ಆ ದಿನ ಬಾರಿಸಿದ ಹಾಗೆ ನಾನು ಅವಳನ್ನು ಕೇಳಿರಲಿಲ್ಲ. ಆರಂಭದ ನಿಧಾನದಲ್ಲಿ ಎಂಥ ಗಾಂಭೀರ್ಯ! ಹಿಂದಿನ ಸಾಲಿನಲ್ಲಿ ಮಾತಾಡುತ್ತಿದ್ದವರು ಸುಮ್ಮನಾದರು. ನನ್ನ ಕೈ ಸಾಲನ್ನು ಸುತ್ತುತ್ತಿತ್ತು, ನನ್ನ ಮೈ ಜುಮ್ಮೆನ್ನುತ್ತಿತ್ತು. ಹೀಗೆ ಬಾರಿಸುವವಳಿಗೆ ನನ್ನ ನುಂಗುವಿಕೆ ಯಾಕೆ ಬೇಕು ಎಂದು ಹೆಮ್ಮೆಯಾಯಿತು, ಸಿಟ್ಟೂ ಬಂತು. ಚಕ್ರದಾರ ಶುರುವಾಯಿತು. ಮೊದಲ ಸುತ್ತು ಮುಗಿದು ದಮ್ ಬರಬೇಕಾದಲ್ಲಿ ಅವಳು ಅರ್ಧಕ್ಕೇ ಜಿಗಿದಳು. ಬಿಡು, ಎರಡನೆಯದರಲ್ಲಿ ಹಿಡಿಯುತ್ತಾಳೆ ಎಂದುಕೊಂಡೆ. ಎರಡನ್ನೂ ತಿಂದಳು. ಮೂರನೆಯ ಸುತ್ತು ಓಡಿ ಬರುತ್ತಿದ್ದಾಗ ನನಗೆ ನಿರ್ಧರಿಸಲು ಸಮಯವಿತ್ತು. ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಬೆರಳು ಆ ಸ್ವರದ ಮೇಲಿತ್ತು. ಎತ್ತಿದ್ದರೆ ಮುಗಿಯುತ್ತಿತ್ತು. ನಾನು ಅದನ್ನು ಒತ್ತಿದೆ, ಅದಕ್ಕೆ ಸಲ್ಲಬೇಕಾದಷ್ಟು ಕಾಲ ಒತ್ತಿದೆ. ಅಕ್ಕನ ಧಾ ಒಂಟಿಯಾಗಿ ಬಿತ್ತು. ಎಲ್ಲೋ ಎರಡು ಕೈ ಚಪ್ಪಾಳೆಗೆ ಎದ್ದು ಗಾಳಿಯಲ್ಲೇ ನಿಂತವು. ಆಮೇಲೆ ನನ್ನ ಸಾ ಬಂತು. ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಹಿರಿಯ ಪರೀಕ್ಷಕರ ಕೈ ಬಿದ್ದದ್ದು ನನ್ನ ಸಾ ಮೇಲೆ. ನಾನು ಕಣ್ಣಾರೆ ನೋಡಿದೆ. ಅವ್ವನ ಜಾಗದಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಅಕ್ಕ ನಿಲ್ಲಿಸಲಿಲ್ಲ. ನನ್ನ ಸಾ ಹಿಡಿದುಕೊಂಡು ಒಂದು ಸುತ್ತು ತಾಳದ ಸಾದಾ ಠೇಕಾ ಬಾರಿಸಿ, ಸರಿಯಾಗಿ ಸಮ್‌ಗೆ ಬಂದು, ಕೈ ಮುಗಿದಳು. ಅವಳಿಗೆ ಎರಡನೆಯ ಬಹುಮಾನ ಬಂತು. ಮೊದಲನೆಯದು ಸಿತಾರಿನ ಹುಡುಗನಿಗೆ, ಉತ್ಸವದ ಬೆಳಗೂ ಅವನಿಗೇ. ಬಹುಮಾನ ಹಂಚುವಾಗ ಆ ಹಿರಿಯರು ಮಾತಾಡುತ್ತ, ತಯಾರಿ ಇರುವ ಮಕ್ಕಳೂ ಅವಸರದಲ್ಲಿ ಸಮ್‌ಗೆ ಮೊದಲೇ ಬಂದುಬಿಡುತ್ತಾರೆ ಎಂದರು. ಅವ್ವ ತಲೆಯಾಡಿಸಿ ಕಾಕುವಿನ ಕಿವಿಯಲ್ಲಿ "ಬ್ಯಾರೆಯವರ ಮಕ್ಕಳಿಗೆ ಹೇಳಲಿಕ್ಕತ್ತಾರ" ಎಂದಳಂತೆ. ಆ ಸಂಜೆ ರಿಕ್ಷಾದಲ್ಲಿ ಅವ್ವ ಬಯ್ಯಲಿಲ್ಲ. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಹೊರಗೆ ನೋಡುತ್ತ ಅಂದಳು.

"ಒಂದು ಸ್ವರ. ನಿನ್ನ ಮನಿ ಗಂಟೇನು ಹೋಗ್ತಿತ್ತು?"

ಅಕ್ಕ ಆ ಕಡೆ, ನಾನು ಈ ಕಡೆ, ನಡುವೆ ಅವ್ವ. ಅಕ್ಕ ಏನಾದರೂ ಹೇಳುತ್ತಾಳೆಂದು ನಾನು ಕಾದೆ. ತಪ್ಪು ನಂದು ಎಂದು ಹೇಳಬೇಕಾಗಿರಲಿಲ್ಲ. ಈಕೆ ಮೊದಲೇ ಹೇಳಿದ್ದಳು ಎಂದಿದ್ದರೆ ಸಾಕಿತ್ತು. ಅವಳು ಬೆರಳುಗಳಿಗೆ ಹತ್ತಿದ್ದ ಪೌಡರನ್ನು ಒರೆಸುತ್ತ ಕುಳಿತಳು. ಮನೆಗೆ ಬಂದ ಮೇಲೆ ಅವ್ವ ಅನ್ನ, ಸಾರು ಮಾಡಿದಳು. ಎಲ್ಲರಿಗೂ ಬಡಿಸಿದಳು, ನನಗೂ ಬಡಿಸಿದಳು, ಎಲ್ಲರಿಗೆ ಹಾಕಿದಷ್ಟೇ ತುಪ್ಪ ಹಾಕಿದಳು. ಕುಕ್ಕರಿನ ಸೀಟಿ ಮಾತ್ರ ಅಂದು ಬೇಕಾದಷ್ಟು ಸಲ ಕೂಗಿತು. ಮರುವಾರ ಪೇಟಿ ಮತ್ತೆ ಭಜನಾ ಮಂಡಳಿಗೆ ಹೋಯಿತು. ಅಕ್ಕ ಸರ್ ಬಳಿಯೇ ದಿನಾ ಹೆಚ್ಚಿನ ಹೊತ್ತು ಕೂರತೊಡಗಿದಳು. ನನ್ನನ್ನು ಮತ್ತೆ ಲೆಹರಾಕ್ಕೆ ಕರೆಯಲಿಲ್ಲ. ನನ್ನ ಸಂಜೆಗಳು ನನಗೆ ಸಿಕ್ಕವು, ಅವುಗಳನ್ನು ಏನು ಮಾಡಬೇಕೆಂದು ಗೊತ್ತಾಗದೆ ಶಾಲೆಯ ಚರ್ಚಾಕೂಟಕ್ಕೆ ಹೆಸರು ಕೊಟ್ಟೆ. ಅಲ್ಲಿ ನಾನು ಮಾತಾಡಲು ನಿಂತರೆ ನನ್ನ ಹೆಸರನ್ನೇ ಕರೆಯುತ್ತಿದ್ದರು.

ಎದುರು ಪಕ್ಷದ ಮಾತುಗಳು ನನಗೆ ಗೊತ್ತು. ಹೊಟ್ಟೆಕಿಚ್ಚಿತ್ತು ಅಲ್ಲವೇ? ಇತ್ತು. ಕಪಾಟಿನ ಬಲ್ಬಿನ ಮೇಲೂ ಇತ್ತು. ಆದರೆ ಹೊಟ್ಟೆಕಿಚ್ಚಿನವಳು ಎಣಿಸಿದರೂ ಹದಿನಾರು ಹದಿನಾರೇ. ಸಂಗೀತವೆಂದರೆ ಕೂಡಿ ನಡೆಯುವುದು, ನ್ಯಾಯಾಲಯವಲ್ಲ ಎನ್ನುತ್ತಾರೆ. ಒಳ್ಳೆಯದು, ಹಾಗಾದರೆ ಪರೀಕ್ಷಕರನ್ನು ಕೂರಿಸಿ ನಂಬರು ಕೊಡಿಸಲು ನನ್ನನ್ನು ಯಾಕೆ ಕರೆದೊಯ್ದಿರಿ? ಒಡಹುಟ್ಟಿದವಳಿಗೆ ಅಷ್ಟು ಮಾಡಬಾರದಿತ್ತೇ ಎಂಬುದು ಕೊನೆಯ ಬಾಣ, ಅದು ಅವ್ವನದು. ಮಾಡಿದ್ದೆ, ಅವ್ವ. ವರ್ಷಗಟ್ಟಲೆ ಮಾಡಿದ್ದೆ. ಅಕ್ಕನಿಗೆ ಅವಳ ತಪ್ಪು ಕೇಳಿಸದಂತೆ ನೋಡಿಕೊಂಡದ್ದು ನಾವಿಬ್ಬರು, ನೀನು ಮತ್ತು ನಾನು. ಅವಳು ತನ್ನ ತಬಲಾವನ್ನು ಇದ್ದಹಾಗೆ ಕೇಳಿದ್ದು ಆ ದಿನವೇ ಮೊದಲು. ಅದಕ್ಕೆ ನಾನು ಮಾಫಿ ಕೇಳುವುದಿಲ್ಲ.

ಅಕ್ಕ ಈಗ ಹಡಪಸರದಲ್ಲಿ ಇರುತ್ತಾಳೆ. ಒಳ್ಳೆಯ ಸಭೆಗಳಲ್ಲಿ ಬಾರಿಸುತ್ತಾಳೆ, ಸಂಜೆ ಮನೆಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಅವಳ ಚಕ್ರದಾರ ಕೇಳಲು ಈಗ ದೂರದಿಂದ ಜನ ಬರುತ್ತಾರೆ; ಆ ದಮ್ಮಿನಲ್ಲಿ ಇಡೀ ಸಭೆ ಅವಳ ಜೊತೆ ಉಸಿರು ಹಿಡಿಯುತ್ತದೆ. ಹೋದ ತಿಂಗಳು ನಾನು ಅವಳ ಮನೆಗೆ ಹೋದಾಗ, ಅಲ್ಲಿಗೆ ಬಂದಿದ್ದ ಅವ್ವ ಹೊರಗಿನ ಕೋಣೆಯಲ್ಲಿ, ಮೈಸೂರಿನ ಕಡೆಯಿಂದ ಬಂದು ಇಲ್ಲಿ ಐಟಿಯಲ್ಲಿರುವ ಒಬ್ಬ ತಾಯಿಯೊಡನೆ ಕುಳಿತಿದ್ದಳು. ಆಕೆಯ ಮಗಳು ಒಳಗೆ ಅಕ್ಕನ ಮುಂದೆ ಬಾರಿಸುತ್ತಿದ್ದಳು. ನಾನು ಚಪ್ಪಲಿ ಬಿಡುವಷ್ಟರಲ್ಲೇ ಬಸಿ ಸರಿಯಿತು.

"ಅಯ್ಯೋ, ಹೌದಾ ಆಂಟಿ? ಒಂದೇ ಒಂದು ನೋಟ್‌ಗೆ ಪ್ರೈಜ್ ಹೋಗ್‌ಬಿಡ್ತಾ?" ಎಂದಳು ಆ ತಾಯಿ, ಮತ್ತು ನನ್ನ ಕಡೆ ತಿರುಗಿದಳು.

"ಸುಳ್ಳು," ಎಂದೆ ನಾನು. ಅವ್ವ ಕೈಯಿಂದಲೇ ನನ್ನನ್ನು ಸುಮ್ಮನಿರಿಸಿದಳು. ಒಳಗೆ ಹುಡುಗಿಯ ಕೈ ಓಡುತ್ತಿತ್ತು. ಫೋನಿನೊಳಗಿನ ಲೆಹರಾ ತನ್ನ ಪಾಡಿಗೆ ಸುತ್ತುತ್ತಿತ್ತು. ಧಾ ಮೊದಲೇ ಬಿತ್ತು. ಎಲ್ಲರಿಗೂ ಕೇಳಿಸಿತು.

"ಮ್ಯಾಮ್, ಲೆಹರಾ ಸ್ಲೋ ಆಗೋಯ್ತು," ಎಂದಳು ಹುಡುಗಿ.

"ಲೆಹರಾ ಎಲ್ಲೂ ಹೋಗಿಲ್ಲ," ಎಂದಳು ಅಕ್ಕ. "ನೀ ದಮ್ ತಿಂದಿ. ಅದು ನಿನ್ನ ಹಿಂದ ಬರೂದಿಲ್ಲ ಪುಟ್ಟಾ, ನೀನ ಅದರ ಹಂತೇಕ ಹೋಗಬೇಕು. ಯಾರರೆ ನಿನ್ನ ಸಲುವಾಗಿ ಅದನ್ನ ಬಗ್ಗಿಸಿದ್ರು ಅಂದ್ರ ನೀ ಎಂದೂ ಕಲಿಯೂದಿಲ್ಲ. ಹೂಂ, ಮತ್ತ."

ಹೊರಗೆ ಅವ್ವನ ಕಥೆ ಅರ್ಧಕ್ಕೆ ನಿಂತಿತ್ತು. ನಾನು ಒಳಕೋಣೆಯ ಬಾಗಿಲಿಗೆ ಹೋದೆ. ಅಕ್ಕ ತಲೆ ಎತ್ತಿ ನೋಡಿದಳು. ಅವ್ವನಿಗೂ ಕೇಳಿಸಲೆಂದು ನಾನು ಗಟ್ಟಿಯಾಗಿಯೇ ಕೇಳಿದೆ.

"ಅಕ್ಕಾ, ಇದನ್ನ ನಿನಗ ಯಾರು ಕಲಿಸಿದ್ರು?"